ಹಳೇ ಕಾರಿನ ಬ್ರೇಕು, ಮನೆಯಂಗಳದ ಲೆಕ್ಕ

ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ಹಾಸನದ ಸಂತೆಬೀದಿಯಲ್ಲೋ ಶಿರಸಿಯ ಮದುವೆ ಛತ್ರದ ಮುಂದೋ ಇವತ್ತಿಗೂ ಒಂದೆರಡು ಕಣ್ಣಿಗೆ ಬೀಳುತ್ತವೆ. ಆಲ್ಟೊ, ವ್ಯಾಗನ್ ಆರ್, ಸ್ಯಾಂಟ್ರೊಗಳಂತೂ ಲೆಕ್ಕಕ್ಕೇ ಸಿಗುವುದಿಲ್ಲ. ಲಕ್ಷ ಕಿಲೋಮೀಟರ್ ಯಾವಾಗಲೋ ದಾಟಿ, ಕೆಲವು ಎರಡು ಲಕ್ಷವನ್ನೂ ಮುಟ್ಟಿ, ಬಣ್ಣ ಮಾಸಿ, ಎರಡನೆಯದೋ ಮೂರನೆಯದೋ ಮಾಲೀಕನ ಮನೆಯಲ್ಲಿ ನೆಮ್ಮದಿಯಾಗಿರುವ ಕಾರುಗಳಿವು. ಎಂಜಿನ್ ಬಗ್ಗೆ ಆ ಮಾಲೀಕನಿಗೆ ಹೆಮ್ಮೆ, ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳಿದರೆ ಬಾಯಿತುಂಬ ಮಾತು. ಬ್ರೇಕಿನ ಸುದ್ದಿ ಬಂದರೆ ಮಾತ್ರ 'ಹಿಡಿಯುತ್ತಲ್ಲ, ಸಾಕು' ಎಂದು ಮುಗಿಸುತ್ತಾನೆ. ಹೀಗೆ ಮುಗಿಸುವುದೇ ದುಬಾರಿ. ನನ್ನ ವಾದ ಇಷ್ಟು: ಇಂಥ ಕಾರಿನ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡುಗಳನ್ನು ಮನೆಯಂಗಳದಲ್ಲೇ ಬದಲಿಸಿಕೊಳ್ಳಬಹುದು, ಜಾಗ ಮತ್ತು ತಾಳ್ಮೆ ಇದ್ದವರು ಬದಲಿಸಿಕೊಳ್ಳಲೂಬೇಕು. ಆದರೆ ಅದರಲ್ಲಿ ಹಣ ಉಳಿಯುವುದು ಅಗ್ಗದ ಪ್ಯಾಡು ತಂದದ್ದಕ್ಕಲ್ಲ, ಮೆಕ್ಯಾನಿಕ್ಕಿನ ಕೂಲಿ ತಪ್ಪಿತೆಂದೂ ಅಲ್ಲ. ಚಕ್ರ ಬಿಚ್ಚಿ, ಅಳೆದು, ಹೊತ್ತಿಗೆ ಸರಿಯಾಗಿ ಬದಲಿಸಿದ್ದಕ್ಕೆ. ಜೊತೆಗೆ ಒಂದು ಗೆರೆ: ಬ್ರೇಕ್ ಆಯಿಲ್ ಹರಿಯುವ ದಾರಿಯಲ್ಲಿ ಒಂದು ನಟ್ಟನ್ನೂ ಮುಟ್ಟಕೂಡದು. ಆ ಗೆರೆಯ ಈಚೆಗಿರುವುದು ಮನೆಯ ಕೆಲಸ, ಆಚೆಗಿರುವುದು ಗ್ಯಾರೇಜಿನದು.

ಬ್ರೇಕು ಮಾಡುವ ಕೆಲಸವನ್ನು ನಾವು ಅಳತೆಗೆ ಹಿಡಿದು ನೋಡುವುದು ಕಡಿಮೆ. ನಾಲ್ಕು ಜನ ಮತ್ತು ಒಂದಿಷ್ಟು ಸಾಮಾನು ಸೇರಿ ಸಾವಿರ ಕಿಲೋ ತೂಗುವ ಸಣ್ಣ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿದ್ದಾಗ ಅದರೊಳಗಿನ ಚಲನಶಕ್ತಿ ಸುಮಾರು 139 ಕಿಲೋಜೌಲ್. ಪೆಡಲ್ ಒತ್ತಿ ನಿಲ್ಲಿಸಿದರೆ ಆ ಶಕ್ತಿಯ ಬಹುಪಾಲು ಶಾಖವಾಗಿ ಬ್ರೇಕಿಗೆ ಇಳಿಯುತ್ತದೆ. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಅರ್ಧ ಲೀಟರ್ ತಣ್ಣೀರನ್ನು ಕುದಿಯುವ ಹತ್ತಿರಕ್ಕೆ ತರುವಷ್ಟು ಬಿಸಿ, ಅದೂ ಮೂರು ನಾಲ್ಕು ಸೆಕೆಂಡಿನಲ್ಲಿ. ವೇಗ 80ಕ್ಕೆ ಏರಿದರೆ ಶಾಖ ಅದರ ಒಂದೂಮುಕ್ಕಾಲು ಪಟ್ಟು ಮೀರುತ್ತದೆ, ಯಾಕೆಂದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಬ್ರೇಕು ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಈ ದುಡಿಮೆಯಲ್ಲಿ ಮುಕ್ಕಾಲಿನ ಹತ್ತಿರ ಹತ್ತಿರ ಮುಂದಿನ ಚಕ್ರಗಳದ್ದೇ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಎಂಬ ಏರ್ಪಾಟು ನಮ್ಮ ಸಣ್ಣ ಕಾರುಗಳಲ್ಲಿ ಇಷ್ಟು ವರ್ಷ ನಡೆದು ಬಂದದ್ದಕ್ಕೆ ಇದೂ ಒಂದು ಕಾರಣ. ಡಿಸ್ಕು ಎಂದರೆ ಚಕ್ರದ ಜೊತೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಅದನ್ನು ಎರಡೂ ಕಡೆಯಿಂದ ಅವುಚಿ ಹಿಡಿಯುವುದು ಪ್ಯಾಡು. ಪ್ಯಾಡು ಸವೆಯಲೆಂದೇ ಮಾಡಿದ ವಸ್ತು. ಡಿಸ್ಕು ನಿಧಾನಕ್ಕೆ ಸವೆಯಬೇಕಾದ ವಸ್ತು. ಈ ವ್ಯತ್ಯಾಸ ಮರೆತಲ್ಲಿ ಖರ್ಚು ಶುರುವಾಗುತ್ತದೆ.

ಹೊಸ ಪ್ಯಾಡಿನಲ್ಲಿ ಉಕ್ಕಿನ ಹಿಂಬದಿ ತಗಡನ್ನು ಬಿಟ್ಟು ಉಜ್ಜುವ ಪದರವೇ ಎಂಟು ಹತ್ತು ಮಿಲಿಮೀಟರ್ ಆಸುಪಾಸು ಇರುತ್ತದೆ. ಅದು ಮೂರು ಮಿಲಿಮೀಟರಿಗೆ ಇಳಿದಾಗ ಹೊಸದನ್ನು ತಂದಿಟ್ಟುಕೊಳ್ಳುವುದು ವಿವೇಕ, ಎರಡಕ್ಕಿಳಿದ ಮೇಲೂ ಓಡಿಸುವುದು ಜೂಜು. ಪದರ ಪೂರ್ತಿ ಮುಗಿದ ದಿನ ಉಕ್ಕಿನ ತಗಡು ನೇರವಾಗಿ ಡಿಸ್ಕನ್ನು ಕೆರೆಯತೊಡಗುತ್ತದೆ. ಪ್ಯಾಡಿನ ದುಡ್ಡಿನಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಆಗ ಎರಡು ಡಿಸ್ಕಿನ ಬೆಲೆ ಸೇರುತ್ತದೆ. ಅಷ್ಟು ಹೊತ್ತಿಗೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ಮಿತಿಮೀರಿ ಹೊರಗೆ ಬಂದು, ಅದರ ರಬ್ಬರು ಹರಿದಿದ್ದರೆ ಅದರ ಬಿಲ್ಲೂ ಬೇರೆ. ಎಷ್ಟು ಕಿಲೋಮೀಟರಿಗೆ ಪ್ಯಾಡು ಬದಲಿಸಬೇಕು ಎಂದು ಕೇಳುವವರಿಗೆ ಹೇಳಬೇಕಾದ ಸತ್ಯವೆಂದರೆ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ದಿನಾ ತೆವಳುವ ಕಾರು, ಚಿತ್ರದುರ್ಗ ದಾಟಿ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಒಂದೇ ಸಮ ಓಡುವ ಕಾರು, ವಾರಕ್ಕೆರಡು ಸಲ ಚಾರ್ಮಾಡಿ ಇಳಿಯುವ ಕಾರು, ಮೂರೂ ಒಂದೇ ಮಾಡೆಲ್ಲಿನವಾದರೂ ಮೂರರ ಪ್ಯಾಡೂ ಒಂದೇ ಕಾಲಕ್ಕೆ ಸವೆಯುವುದಿಲ್ಲ. ಓಡೋಮೀಟರ್ ಬಿಟ್ಟು ವರ್ನಿಯರ್ ಕ್ಯಾಲಿಪರನ್ನು ನಂಬಬೇಕು. ಹೈಸ್ಕೂಲಿನ ಲ್ಯಾಬಿನಲ್ಲಿ ಹಿಡಿದು ಮರೆತ ಉಪಕರಣ ಅದು. ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಡಿಸ್ಕು ಎಷ್ಟು ತೆಳುವಾದರೆ ಬದಲಿಸಬೇಕು ಎಂಬುದನ್ನು ಹೆಚ್ಚಿನ ಕಾರುಗಳಲ್ಲಿ ಡಿಸ್ಕಿನ ಮೈಮೇಲೇ ಕನಿಷ್ಠ ದಪ್ಪವೆಂದು ಅಚ್ಚೊತ್ತಿರುತ್ತಾರೆ. ತುಕ್ಕು ಹಿಡಿದಿದ್ದರೆ ವೈರ್ ಬ್ರಷ್ಷಿನಿಂದ ಉಜ್ಜಿದರೆ ಕಾಣುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ, ಅದು ಗಟ್ಟಿಯಾದ ಆಕ್ಷೇಪವೇ. ಅಮೆರಿಕದಲ್ಲಿರುವ ನಮ್ಮವರು ಮನೆ ಮುಂದಿನ ಡ್ರೈವ್‌ವೇಯಲ್ಲಿ ಕಾರು ಎತ್ತಿ ಬ್ರೇಕು ಬದಲಿಸುವುದಕ್ಕೆ ಅರ್ಥವಿದೆ, ಅಲ್ಲಿ ಪ್ಯಾಡಿಗಿಂತ ಕೂಲಿಯೇ ಭಾರ. ನಮ್ಮೂರಲ್ಲಿ ಪ್ಯಾಡು ಹಾಕಿಸುವುದಕ್ಕೆ ಪಕ್ಕದ ಬೀದಿಯ ಗ್ಯಾರೇಜಿನವ ಕೇಳುವುದು ಒಂದು ಹೊತ್ತಿನ ಹೋಟೆಲ್ ಊಟದ ಬಿಲ್ಲಿನಷ್ಟು. ಆ ದುಡ್ಡಿಗೆ ಕೈ ಮಸಿ ಮಾಡಿಕೊಳ್ಳುವುದು ಯಾಕೆ? ಕೂಲಿಯೊಂದನ್ನೇ ನೋಡಿದರೆ ಈ ಮಾತಿಗೆ ಎದುರಾಡುವಂತಿಲ್ಲ. ಆದರೆ ಕೂಲಿ ಅಗ್ಗವಾದದ್ದರ ಪರಿಣಾಮವನ್ನೂ ನೋಡಬೇಕು. ಕೆಲಸಕ್ಕೆ ಇಷ್ಟು ಎಂದು ಗುತ್ತಿಗೆಯ ಲೆಕ್ಕದಲ್ಲಿ ದುಡಿಯುವ ಮನುಷ್ಯನಿಗೆ ದಿನಕ್ಕೆ ಎಷ್ಟು ಕಾರು ಮುಗಿಯಿತು ಎನ್ನುವುದೇ ಅನ್ನ. ಹಳೇ ಪ್ಯಾಡು ಕಿತ್ತು ಹೊಸದು ತುರುಕಲು ಚಕ್ರಕ್ಕೆ ಹತ್ತು ನಿಮಿಷ ಸಾಕು. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಎಳೆದು ಒರೆಸಿ ಗ್ರೀಸು ಹಚ್ಚಿ, ಪ್ಯಾಡು ಕೂರುವ ಜಾಗದ ತುಕ್ಕು ಕೆರೆದು, ಡಿಸ್ಕಿನ ದಪ್ಪ ಅಳೆದು ಬರೆದಿಡಲು ಇನ್ನರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ, ಹಾಗಾಗಿ ಅದು ನಡೆಯುವುದೂ ಇಲ್ಲ. ಮೆಕ್ಯಾನಿಕ್ಕಿನ ದೋಷವೆಂದು ಇದನ್ನು ಹೇಳುತ್ತಿಲ್ಲ. ನಾವು ಕೊಡುವ ಕೂಲಿಯಲ್ಲೇ ಅದು ಅಡಗಿದೆ. ದೊಡ್ಡ ಸರ್ವಿಸ್ ಸ್ಟೇಷನ್ನಿನಲ್ಲಿ ಇದರ ತದ್ವಿರುದ್ಧ. ಅಲ್ಲಿ ಸಮಯವಿದೆ, ಉಪಕರಣವಿದೆ. ಆದರೆ ಪಟ್ಟಿ ಉದ್ದವಾಗುತ್ತದೆ: ಪ್ಯಾಡಿನ ಜೊತೆಗೆ ಡಿಸ್ಕು, ಕ್ಯಾಲಿಪರ್ ಕಿಟ್ಟು, ಕ್ಲೀನಿಂಗ್ ಸ್ಪ್ರೇ, ಹಿಂದಿನ ಡ್ರಮ್ಮಿನ ಶೂ. ಅದರಲ್ಲಿ ಯಾವುದು ಬೇಕು ಯಾವುದು ಬೇಡ ಎಂದು ಕೇಳಲು ಮಾಲೀಕನ ಬಳಿ ಒಂದು ಅಂಕಿಯೂ ಇರುವುದಿಲ್ಲ. ಅರವತ್ತು ಎಪ್ಪತ್ತು ಸಾವಿರಕ್ಕೆ ಮಾರಿಹೋಗುವ ಕಾರಿಗೆ ಬ್ರೇಕಿನದೇ ಹತ್ತು ಸಾವಿರದ ಅಂದಾಜುಪಟ್ಟಿ ಬಂದಾಗ ಹೆಚ್ಚಿನವರು ಮಾಡುವುದೆಂದರೆ ಏನೂ ಮಾಡಿಸದೆ ಗಾಡಿ ತಿರುಗಿಸಿಕೊಂಡು ಬರುವುದು. ಪ್ಯಾಡು ಮುಗಿದು ಉಕ್ಕು ಉಜ್ಜುವುದಕ್ಕೆ ಶುರುವಾಗುವುದು ಇಂಥ ಕಾರುಗಳಲ್ಲೇ.

ಆದ್ದರಿಂದ ಉಳಿತಾಯವನ್ನು ಹುಡುಕಬೇಕಾದದ್ದು ಸಾಮಾನಿನ ಗುಣಮಟ್ಟದಲ್ಲಿ ಅಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಆಲ್ಟೊ ಪ್ಯಾಡು ಎಂದರೆ 'ಒರಿಜಿನಲ್ಲಾ, ಕಂಪನಿದಾ, ಲೋಕಲ್ಲಾ' ಎಂಬ ಪ್ರಶ್ನೆ ಬರುತ್ತದೆ. ಒರಿಜಿನಲ್ ಎಂದರೆ ಕಾರು ಕಂಪನಿಯ ಹೆಸರಿನ ಡಬ್ಬದಲ್ಲಿರುವುದು. ಕಂಪನಿದು ಎಂದರೆ ಬಾಷ್, ರಾಣೆ, ಟಿವಿಎಸ್ ಗರ್ಲಿಂಗ್‌ನಂಥ ಹೆಸರಿನವು. ಲೋಕಲ್ ಎಂದರೆ ದೇವರಿಗೇ ಗೊತ್ತು. ಮೊದಲಿನದಕ್ಕೂ ಎರಡನೆಯದಕ್ಕೂ ಬೆಲೆಯಲ್ಲಿ ಅಂತರವಿದ್ದರೂ ಎರಡರಲ್ಲಿ ಯಾವುದನ್ನು ಹಾಕಿದರೂ ನಷ್ಟವಿಲ್ಲ. ಮೂರನೆಯದನ್ನು ಮಾತ್ರ ಮುಟ್ಟಬಾರದು. ಅದು ಬೇಗ ಸವೆಯುತ್ತದೆ ಎಂಬುದು ಚಿಕ್ಕ ತಕರಾರು. ದೊಡ್ಡದೆಂದರೆ ಬಿಸಿಯಾದಾಗ ಅದರ ಹಿಡಿತ ಎಷ್ಟು ಉಳಿಯುತ್ತದೆ, ಉಜ್ಜುವ ಪದರ ಉಕ್ಕಿನ ತಗಡಿಗೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂಬುದಕ್ಕೆ ಯಾವ ಭರವಸೆಯೂ ಇಲ್ಲ. ಸವೆತ ಮಿತಿಗೆ ಬಂದಾಗ ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುವ ಪುಟ್ಟ ಲೋಹದ ನಾಲಗೆ ಒಳ್ಳೆಯ ಪ್ಯಾಡುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಳಪೆಯದರಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ. ನಕಲಿ ಡಬ್ಬಗಳ ಹಾವಳಿ ಇದೆಯಲ್ಲ ಎನ್ನುವವರು ಹೇಳುವುದೂ ನಿಜ. ಆದರೆ ಆ ಅಪಾಯ ಗ್ಯಾರೇಜಿನಲ್ಲಿ ಹಾಕಿಸಿದಾಗಲೂ ಇದೆ, ಅಲ್ಲಿ ಡಬ್ಬ ನಮ್ಮ ಕಣ್ಣಿಗೇ ಬೀಳುವುದಿಲ್ಲ ಅಷ್ಟೆ. ಅಧಿಕೃತ ಡೀಲರಿನ ಕೌಂಟರಿನಲ್ಲಿ ರಸೀದಿ ಹಾಕಿಸಿ ತಂದರೆ ಈ ಭಯ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಸಣ್ಣ ಕಾರಿನ ಮುಂದಿನ ಪ್ಯಾಡಿನ ಸೆಟ್ಟು ಬ್ರಾಂಡು ನೋಡಿಕೊಂಡು ಸಾವಿರ ರೂಪಾಯಿಯ ಆಚೀಚೆ. ಅದರಲ್ಲಿ ಇನ್ನೂರು ಮುನ್ನೂರು ಕಡಿಮೆ ಮಾಡಲು ಹೋಗುವುದಕ್ಕಿಂತ ಆ ವಾರ ಪೆಟ್ರೋಲು ಕಡಿಮೆ ಹಾಕಿಸಿಕೊಳ್ಳುವುದು ಮೇಲು.

ಇನ್ನು ಕೆಲಸಕ್ಕೆ ಬರೋಣ. ಬೇಕಾಗುವುದು ಸಮತಟ್ಟಾದ ಗಟ್ಟಿ ನೆಲ, ಕಾರಿನ ಜೊತೆ ಬಂದ ಜಾಕಿ, ಅದಲ್ಲದೆ ಒಂದು ಜೋಡಿ ಜಾಕ್ ಸ್ಟ್ಯಾಂಡು, ವೀಲ್ ಪಾನಾ, ಒಂದೆರಡು ಸಾಕೆಟ್ಟು, ಬಡಗಿಗಳು ಬಳಸುವ ಜಿ ಕ್ಲ್ಯಾಂಪು, ವೈರ್ ಬ್ರಷ್ಷು, ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸು. ಇವುಗಳಲ್ಲಿ ಚೌಕಾಸಿಗೆ ಅವಕಾಶವಿಲ್ಲದ್ದು ಜಾಕ್ ಸ್ಟ್ಯಾಂಡು. ಸ್ಟೆಪ್ನಿ ಬದಲಿಸಲು ಕೊಟ್ಟ ಕತ್ತರಿ ಜಾಕಿ ಗಾಡಿಯನ್ನು ಎತ್ತುವುದಕ್ಕೆ, ಎತ್ತಿ ಹಿಡಿಯುವುದಕ್ಕಲ್ಲ. ಇಟ್ಟಿಗೆ, ಹಾಲೋ ಬ್ಲಾಕು, ಮರದ ತುಂಡುಗಳ ಮೇಲೆ ಕಾರು ಕೂರಿಸುವ ರೂಢಿ ನಮ್ಮಲ್ಲಿ ಹೇರಳವಾಗಿದೆ. ಹಾಲೋ ಬ್ಲಾಕು ಭಾರಕ್ಕೆ ಮುನ್ಸೂಚನೆ ಕೊಡದೆ ಒಂದೇ ಸಲಕ್ಕೆ ಪುಡಿಯಾಗುತ್ತದೆ. ಮನೆಯಲ್ಲಿ ಬ್ರೇಕು ಬದಲಿಸುವಾಗ ಜೀವಕ್ಕಿರುವ ನಿಜವಾದ ಅಪಾಯ ಮುಂದೆ ರಸ್ತೆಯಲ್ಲಿ ಆಗುವುದಕ್ಕಿಂತ ಇಲ್ಲಿ, ಕಾರಿನ ಕೆಳಗೆ ಇದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬಿಚ್ಚಿದ ಚಕ್ರವನ್ನು ಕಾರಿನಡಿಗೆ ಮಲಗಿಸಿಟ್ಟರೆ ಅದೂ ಒಂದು ಆಸರೆ.

ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಬಾರದು. ಯಾವ ಕ್ಲಿಪ್ಪು ಎಲ್ಲಿ ಕೂರುತ್ತದೆ ಎಂಬ ಅನುಮಾನ ಬಂದಾಗ ಬಿಚ್ಚದ ಬದಿಯೇ ನಕ್ಷೆ. ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಇರುವುದು ಒಂದೇ ಪಿಸ್ಟನ್ನಿನ ಜಾರುವ ಕ್ಯಾಲಿಪರ್. ಅದರ ಕೆಳಗಿನ ಬೋಲ್ಟು ಬಿಚ್ಚಿದರೆ ಕ್ಯಾಲಿಪರ್ ಬಾಗಿಲಿನಂತೆ ಮೇಲಕ್ಕೆ ತೆರೆದುಕೊಳ್ಳುತ್ತದೆ. ಎರಡೂ ಬಿಚ್ಚಿದರೆ ಪೂರ್ತಿ ಕೈಗೆ ಬರುತ್ತದೆ. ಕೈಗೆ ಬಂದದ್ದನ್ನು ರಬ್ಬರ್ ಹೋಸಿನಿಂದ ಜೋತು ಬಿಡಬಾರದು, ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿಡಬೇಕು. ಹೋಸಿನ ಒಳಪದರ ಹರಿದರೆ ಹೊರಗಿನಿಂದ ಕಾಣುವುದಿಲ್ಲ. ಹಳೇ ಪ್ಯಾಡು ತೆಗೆದು, ಪಿಸ್ಟನ್ನಿನ ಮುಖಕ್ಕೆ ಅದನ್ನೇ ಅಡ್ಡ ಕೊಟ್ಟು, ಜಿ ಕ್ಲ್ಯಾಂಪಿನಿಂದ ನಿಧಾನಕ್ಕೆ ಒತ್ತಿದರೆ ಪಿಸ್ಟನ್ ಒಳಗೆ ಸರಿಯುತ್ತದೆ. ಅದು ಒಳಗೆ ಹೋದಷ್ಟೂ ಆಯಿಲ್ ಬಾನೆಟ್ಟಿನಡಿಯ ಡಬ್ಬಿಗೆ ವಾಪಸ್ಸು ಏರುತ್ತದೆ. ಆಯಿಲ್ ಕಡಿಮೆಯಾಗಿದೆ ಎಂದು ಹಿಂದೆ ಯಾರಾದರೂ ತುಂಬಿಸಿದ್ದರೆ ಈಗ ಉಕ್ಕಿ ಚೆಲ್ಲುತ್ತದೆ, ಚೆಲ್ಲಿದಲ್ಲಿ ಬಣ್ಣ ಕಿತ್ತು ಬರುತ್ತದೆ. ಅಂದ ಹಾಗೆ, ಪ್ಯಾಡು ಸವೆದ ಹಾಗೆಲ್ಲ ಪಿಸ್ಟನ್ ಹೊರಗೆ ಬಂದು ಡಬ್ಬಿಯ ಮಟ್ಟ ಇಳಿಯುವುದು ಸಹಜ. ಅದೊಂದು ಅಳತೆಗೋಲೇ ಸರಿ. ಮೇಲಿಂದ ಮೇಲೆ ಟಾಪ್ ಅಪ್ ಮಾಡುವವರು ಆ ಅಳತೆಗೋಲನ್ನು ಅಳಿಸಿ ಹಾಕುತ್ತಾರೆ. ಮಟ್ಟ ಕೆಲವೇ ದಿನಗಳಲ್ಲಿ ಧಡಕ್ಕನೆ ಇಳಿದಿದ್ದರೆ ಅದು ಸವೆತವಲ್ಲ, ಸೋರಿಕೆ. ಆಗ ಈ ಲೇಖನ ಮುಚ್ಚಿಟ್ಟು ಗ್ಯಾರೇಜಿಗೆ ಹೋಗಬೇಕು, ಓಡಿಸಿಕೊಂಡಲ್ಲ, ಎಳೆಸಿಕೊಂಡು.

ಮನೆಯ ಕೆಲಸ ಗ್ಯಾರೇಜಿನದಕ್ಕಿಂತ ಮೇಲಾಗುವುದು ಇದರ ಮುಂದಿನ ಹಂತದಲ್ಲಿ. ಕ್ಯಾಲಿಪರ್ ಎಂಬುದು ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ. ಇಡೀ ಕ್ಯಾಲಿಪರ್ ಹಿಂದಕ್ಕೆ ಸರಿದು ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಪಿನ್ನು ಜಾರದಿದ್ದರೆ ಒಳಗಿನ ಪ್ಯಾಡೊಂದೇ ದುಡಿದು ಸವೆಯುತ್ತದೆ, ಹೊರಗಿನದು ಹೊಸದರಂತೆ ಉಳಿಯುತ್ತದೆ, ಕಾರು ಒಂದು ಬದಿಗೆ ಎಳೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲೂ ಮಲೆನಾಡಿನ ನಾಲ್ಕು ತಿಂಗಳ ಮಳೆಯಲ್ಲೂ ಓಡುವ ಹಳೇ ಕಾರುಗಳಲ್ಲಿ ಈ ಪಿನ್ನು ತುಕ್ಕು ಹಿಡಿದು ಕಚ್ಚಿಕೊಳ್ಳುವುದು ತೀರಾ ಮಾಮೂಲು. ಕೆಸರು ತುಂಬಿದ ಗದ್ದೆ ದಾರಿಯ ಕಾರಿನದೂ ಅದೇ ಪಾಡು. ಪಿನ್ನನ್ನು ಎಳೆದು, ಹಳೇ ಗ್ರೀಸು ಒರೆಸಿ, ತುಕ್ಕಿನ ಕಲೆ ಕೆರೆದು, ರಬ್ಬರಿನ ಟೋಪಿ ಹರಿದಿಲ್ಲವೆಂದು ನೋಡಿ, ಸಿಲಿಕೋನ್ ಗ್ರೀಸು ತೆಳ್ಳಗೆ ಹಚ್ಚಿ ಕೂರಿಸಿದರೆ ಕೈಬೆರಳಿನ ಒತ್ತಡಕ್ಕೇ ಜಾರಬೇಕು. ಬೇರಿಂಗಿಗೆ ತುಂಬುವ ಸಾದಾ ಗ್ರೀಸು ಇಲ್ಲಿ ಬಳಸಿದರೆ ರಬ್ಬರು ಉಬ್ಬಿ ಕೆಡುತ್ತದೆ. ಪೆಟ್ರೋಲಿಯಂ ಎಣ್ಣೆಗೂ ಬ್ರೇಕಿನ ರಬ್ಬರಿಗೂ ಆಗಿಬರುವುದಿಲ್ಲ. ಪ್ಯಾಡಿನ ಉಜ್ಜುವ ಮುಖಕ್ಕೋ ಡಿಸ್ಕಿಗೋ ಗ್ರೀಸಿನ ಬೆರಳು ತಾಗಬಾರದೆಂದು ಬೇರೆ ಹೇಳಬೇಕಿಲ್ಲ. ಕಚ್ಚಿಕೊಂಡ ಪಿನ್ನಿನ ಕಾರಿಗೆ ವರ್ಷಕ್ಕೊಂದು ಪ್ಯಾಡಿನ ಸೆಟ್ಟು ಹಾಕಿಸುತ್ತ 'ಈ ಪ್ಯಾಡು ಬಾಳಿಕೆಯೇ ಬರಲ್ಲ' ಎಂದು ಬ್ರಾಂಡನ್ನು ಬೈಯುವವರು ಇದ್ದಾರೆ. ಅವರಿಗೆ ಬೇಕಾದದ್ದು ಬೇರೆ ಬ್ರಾಂಡಲ್ಲ, ಒಂದು ಚಮಚ ಗ್ರೀಸು.

ಪ್ಯಾಡು ಕೂರಿಸಿ, ಬೋಲ್ಟುಗಳನ್ನು ಕಾರಿನ ಮ್ಯಾನ್ಯುಯಲ್ ಹೇಳುವಷ್ಟೇ ಬಿಗಿದು, ಚಕ್ರ ಹಾಕಿ, ಎರಡೂ ಬದಿ ಮುಗಿದ ಮೇಲೆ ಎಂಜಿನ್ ಚಾಲೂ ಮಾಡುವ ಮುಂಚೆ ಮಾಡಲೇಬೇಕಾದ ಒಂದು ಕೆಲಸವಿದೆ. ಪೆಡಲನ್ನು ಮತ್ತೆ ಮತ್ತೆ ಒತ್ತಬೇಕು. ಒಳಗೆ ತಳ್ಳಿದ ಪಿಸ್ಟನ್ ಮತ್ತೆ ಹೊರಬಂದು ಪ್ಯಾಡಿಗೆ ತಾಗುವ ತನಕ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕು ಇಲ್ಲವೇ ಇಲ್ಲ. ಇದನ್ನು ಮರೆತು ರಿವರ್ಸ್ ಹಾಕಿದವನ ಕಾರು ಕಾಂಪೌಂಡಿನಲ್ಲೇ ನಿಲ್ಲುತ್ತದೆ, ಕಾಂಪೌಂಡಿಗೆ ಗುದ್ದಿ. ಪೆಡಲ್ ಗಟ್ಟಿಯಾದ ಮೇಲೆ ಆಯಿಲ್ ಮಟ್ಟ ನೋಡಿ, ನಡೆಯುವ ವೇಗದಲ್ಲಿ ಅಂಗಳದೊಳಗೇ ಎರಡು ಸಲ ಹಿಡಿದು ನೋಡಿ, ಆಮೇಲಷ್ಟೇ ರಸ್ತೆಗೆ ಇಳಿಯಬೇಕು.

'ಬ್ರೇಕು ಜೀವದ ಪ್ರಶ್ನೆ, ಕಲಿಯುವವರ ಆಟದ ಸಾಮಾನಲ್ಲ' ಎನ್ನುವವರಿಗೆ ಈಗ ಉತ್ತರ ಹೇಳಬಹುದು. ಮೇಲೆ ಹೇಳಿದ ಕೆಲಸದಲ್ಲಿ ಆಯಿಲ್ಲಿನ ದಾರಿ ಎಲ್ಲೂ ತೆರೆದುಕೊಂಡಿಲ್ಲ. ಗಾಳಿ ಒಳಗೆ ಹೋಗುವ ಸಂದಿಯೇ ಇಲ್ಲ. ತಪ್ಪಾಗುವುದಿದ್ದರೆ ಪ್ಯಾಡು ತಿರುಗುಮುರುಗಾಗಿ ಕೂರುವುದು, ಬೋಲ್ಟು ಸಡಿಲ ಉಳಿಯುವುದು, ಗ್ರೀಸು ತಾಗುವುದು, ಪೆಡಲ್ ಒತ್ತದೆ ಹೊರಡುವುದು. ಇವೆಲ್ಲ ಕಣ್ಣಿಗೆ ಕಾಣುವ, ಎರಡನೆಯ ಸಲ ನೋಡಿದರೆ ಸಿಗುವ ತಪ್ಪುಗಳು. ಗೆರೆಯಾಚೆಯ ಕೆಲಸಗಳ ಸ್ವಭಾವ ಬೇರೆ. ಕ್ಯಾಲಿಪರಿನ ಸೀಲು ಬದಲಿಸುವುದು, ಹೋಸು ಹಾಕುವುದು, ಮಾಸ್ಟರ್ ಸಿಲಿಂಡರು, ಏರ್ ತೆಗೆಯುವುದು, ಇವುಗಳಲ್ಲಿ ತಪ್ಪಾದದ್ದು ಅಂಗಳದಲ್ಲಿ ಗೊತ್ತಾಗದೆ ಬಿಸಿಯೇರಿದಾಗ ರಸ್ತೆಯಲ್ಲಿ ಗೊತ್ತಾಗಬಹುದು. ಎಬಿಎಸ್ ಇರುವ ಕಾರಿನಲ್ಲಿ ಏರ್ ತೆಗೆಯಲು ಕೆಲವೊಮ್ಮೆ ಸ್ಕ್ಯಾನರೂ ಬೇಕು; ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ, ಹಾಗಾಗಿ ನಾವು ಮಾತಾಡುತ್ತಿರುವ ಹೆಚ್ಚಿನ ಹಳೇ ಕಾರುಗಳಿಗೆ ಅದರ ಗೊಡವೆಯಿಲ್ಲ. ಹಿಂದಿನ ಡ್ರಮ್ಮನ್ನು ನಾನು ಗೆರೆಯಾಚೆಗೇ ಇಡುತ್ತೇನೆ. ಮಾರುತಿ 800, ಆಲ್ಟೊಗಳಲ್ಲಿ ಬೇರಿಂಗು ಡ್ರಮ್ಮಿನೊಳಗೇ ಕೂತಿರುತ್ತದೆ. ಡ್ರಮ್ಮು ತೆಗೆಯಲು ನಡುವಿನ ದೊಡ್ಡ ನಟ್ಟನ್ನು ಬಿಚ್ಚಬೇಕು, ಮತ್ತೆ ಹಾಕುವಾಗ ಟಾರ್ಕ್ ರೆಂಚಿನ ಲೆಕ್ಕದಲ್ಲಿ ಬಿಗಿಯಬೇಕು. ಒಳಗಿನ ಸ್ಪ್ರಿಂಗುಗಳು ಕೈಗೂ ಕಣ್ಣಿಗೂ ಹಾರುತ್ತವೆ. ಪುಣ್ಯಕ್ಕೆ ಮುಂದಿನದಕ್ಕಿಂತ ಬಹಳ ನಿಧಾನಕ್ಕೆ ಸವೆಯುವುದರಿಂದ ಹಿಂದಿನ ಶೂ ಬದಲಿಸುವ ಸಂದರ್ಭ ಅಪರೂಪ. ಆ ಕೆಲಸವನ್ನು ಗೊತ್ತಿರುವವರಿಗೆ ಕೊಟ್ಟು, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು.

ಗ್ಯಾರೇಜಿನಲ್ಲೇ ಮಾಡಿಸಬೇಕಾದ, ಯಾರೂ ಮಾಡಿಸದ ಇನ್ನೊಂದು ಕೆಲಸ ಬ್ರೇಕ್ ಆಯಿಲ್ ಬದಲಾವಣೆ. ಹೆಸರಿಗೆ ಆಯಿಲ್ಲಾದರೂ ಅದು ಗ್ಲೈಕಾಲ್ ಮೂಲದ ದ್ರವ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದ್ರವ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿಕೊಂಡ ಮೇಲೆ ಅದಕ್ಕಿರುವ ಮಾನದಂಡ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಈಗ ಘಟ್ಟದ ಲೆಕ್ಕ ಹಾಕಿ. ಅದೇ ಸಾವಿರ ಕಿಲೋ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 4,900 ಕಿಲೋಜೌಲ್, ಅಂದರೆ 60ರ ವೇಗದಿಂದ ಮೂವತ್ತೈದು ಸಲ ನಿಲ್ಲಿಸಿದಷ್ಟು. ಕೆಳಗಿನ ಗೇರಿನಲ್ಲಿ ಇಳಿದರೆ ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ನು ಹೊರುತ್ತದೆ. ಪೆಟ್ರೋಲು ಉಳಿಯಿತೆಂದು ನ್ಯೂಟ್ರಲ್ಲಿಗೆ ಹಾಕಿ ಆಗುಂಬೆಯ 14 ತಿರುವುಗಳನ್ನು ಇಳಿಯುವ ಮಹಾಶಯರು ಅಷ್ಟನ್ನೂ ಪ್ಯಾಡಿನ ತಲೆಗೆ ಕಟ್ಟುತ್ತಾರೆ. ಕೆಲವರು ಕೀ ತಿರುಗಿಸಿ ಎಂಜಿನ್ನೇ ಆರಿಸುತ್ತಾರೆ. ಆಗ ಪೆಡಲಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಸಲ ಒತ್ತಿದರೆ ಖಾಲಿ, ಆಮೇಲೆ ಪೆಡಲು ಕಲ್ಲು. ಕರಾವಳಿಯ ತೇವ ಕುಡಿದು ವರ್ಷಗಟ್ಟಲೆ ಬದಲಾಗದ ದ್ರವ ಕ್ಯಾಲಿಪರಿನೊಳಗೆ ಕುದಿದು ಆವಿಯಾದರೆ ಪೆಡಲು ಮೆತ್ತಗಾಗಿ ಒಳಗೆ ಹೋಗುತ್ತದೆ. ಹೊಸ ಪ್ಯಾಡು ಹಾಕಿದ್ದರೂ ಅಷ್ಟೆ. ಆದ್ದರಿಂದ ಪ್ಯಾಡಿನ ಕೂಲಿಯಲ್ಲಿ ಉಳಿಸಿದ ಹಣವನ್ನು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಲು ಖರ್ಚು ಮಾಡಿದರೆ ಲೆಕ್ಕ ಸರಿಹೋಗುತ್ತದೆ. ಒಟ್ಟು ಖರ್ಚು ಅಷ್ಟೇ ಆದರೂ ಬ್ರೇಕು ಮೊದಲಿನದಕ್ಕಿಂತ ಎಷ್ಟೋ ಮೇಲು.

ಚಕ್ರ ಬಿಚ್ಚಿದಾಗ ಕಾಣುವ ಬ್ರೇಕಿನ ಧೂಳಿನ ಬಗ್ಗೆ ಒಂದು ಮಾತು. ಹರ್ಬರ್ಟ್ ಫ್ರೂಡ್ ಎಂಬ ಇಂಗ್ಲೆಂಡಿನವ 1897ರಲ್ಲಿ ಫೆರೋಡೊ ಕಂಪನಿ ಕಟ್ಟಿದ ನಂತರದ ವರ್ಷಗಳಲ್ಲಿ ಬ್ರೇಕಿನ ಪದರಕ್ಕೆ ಅಸ್ಬೆಸ್ಟಾಸ್ ಬಂತು. ಬಿಸಿ ತಡೆಯುವುದರಲ್ಲಿ ಅದಕ್ಕೆ ಸಾಟಿಯಿರಲಿಲ್ಲ, ಎದೆಗೂಡಿಗೆ ಅದರಷ್ಟು ಕೆಟ್ಟದ್ದೂ ಇರಲಿಲ್ಲ. ಒಳ್ಳೆಯ ಬ್ರಾಂಡುಗಳು ಅದನ್ನು ಬಿಟ್ಟಿವೆ, ಡಬ್ಬದ ಮೇಲೆ ಅಸ್ಬೆಸ್ಟಾಸ್ ರಹಿತ ಎಂದು ಬರೆದಿರುತ್ತದೆ. ಆದರೆ ನಮ್ಮ ದೇಶದಲ್ಲಿ ಅದರ ಬಳಕೆಗೆ ಪೂರ್ಣ ನಿಷೇಧವಿಲ್ಲ, ಹಳೇ ಮಾಲೀಕ ಯಾವ ಲೋಕಲ್ ಪ್ಯಾಡು ಹಾಕಿಸಿದ್ದನೋ ಯಾರು ಬಲ್ಲರು. ಗ್ಯಾರೇಜಿನ ಹುಡುಗರಂತೆ ಆ ಧೂಳನ್ನು ಏರ್ ಗನ್ನಿನಲ್ಲಿ ಊದಿ ಹಾರಿಸದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಕಟ್ಟಿ ಎಸೆದರೆ ಮುಗಿಯಿತು. ಮಕ್ಕಳು ಅಂಗಳದಲ್ಲಿ ಆಡುವ ಹೊತ್ತಿನಲ್ಲಿ ಈ ಕೆಲಸ ಬೇಡ.

ಉಳಿದ ಆಕ್ಷೇಪಗಳಲ್ಲಿ ಒಂದನ್ನು ಒಪ್ಪಿಕೊಂಡೇಬಿಡುತ್ತೇನೆ: ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಇಳಿಜಾರಿನ ಓಣಿಯಲ್ಲೋ ಕಾರು ನಿಲ್ಲಿಸುವವರಿಗೆ ಇದು ಆಗುವ ಮಾತಲ್ಲ. ಇನ್ನೊಂದು ಆಕ್ಷೇಪ ಹಳೇ ಕಾರಿಗೆ ಇಷ್ಟೆಲ್ಲ ಯಾಕೆ, ಗುಜರಿಗೆ ಹಾಕಬಾರದೇ ಎಂಬುದು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿದಾಗಲೇ ಸರ್ಕಾರದ ಇಂಗಿತ ಗೊತ್ತಾಗಿದೆ. ಆದರೆ ತಿಂಗಳಿಗೆ ಮುನ್ನೂರು ನಾನ್ನೂರು ಕಿಲೋಮೀಟರ್ ಮಾತ್ರ ಓಡುವ, ಆಸ್ಪತ್ರೆಗೂ ಊರ ಜಾತ್ರೆಗೂ ಬೇಕಾದ ಕಾರಿನ ಜಾಗಕ್ಕೆ ಐದಾರು ಲಕ್ಷದ ಸಾಲ ತರುವುದು ಎಲ್ಲರ ಕೈಲಾಗುವುದಿಲ್ಲ. ಆ ಕಾರು ಹೇಗೂ ರಸ್ತೆಯಲ್ಲಿರುತ್ತದೆ, ನವೀಕರಣಕ್ಕೆ ಹೋದಾಗ ಆರ್‌ಟಿಒದಲ್ಲಿ ಬ್ರೇಕನ್ನು ನೋಡಿಯೇ ನೋಡುತ್ತಾರೆ. ಹಳೇ ಕಾರು ಇರಬೇಕೋ ಬೇಡವೋ ಎಂಬ ಚರ್ಚೆ ಅದರ ಪಾಡಿಗೆ ನಡೆಯಲಿ. ಇರುವಷ್ಟು ದಿನ ಅದು ನಿಲ್ಲಬೇಕಾದಲ್ಲಿ ನಿಲ್ಲಬೇಕು, ಪಕ್ಕದಲ್ಲಿ ನಡೆದುಹೋಗುವವರ ಸಲುವಾಗಿಯಾದರೂ.

ಹೊಸ ಪ್ಯಾಡು ಹಾಕಿದ ದಿನವೇ ಪೂರ್ತಿ ಹಿಡಿತ ಸಿಗುವುದಿಲ್ಲ. ಸವೆದ ಡಿಸ್ಕಿನ ಮೇಲೆ ಸಣ್ಣ ಗೀರುಗಳಿರುತ್ತವೆ, ಹೊಸ ಪ್ಯಾಡಿನ ಮುಖ ಸಪಾಟು. ಎರಡೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಬೆಳಗಿನ ಖಾಲಿ ರಸ್ತೆಯಲ್ಲಿ 50ರ ವೇಗದಿಂದ 10ರ ಹತ್ತಿರಕ್ಕೆ ಹದವಾಗಿ ಇಳಿಸುವುದು, ನಡುವೆ ತಣಿಯಲು ಸ್ವಲ್ಪ ದೂರ ಓಡಿಸುವುದು, ಹೀಗೆ ಎಂಟು ಹತ್ತು ಸಲ ಮಾಡಿದರೆ ಡಿಸ್ಕಿನ ಮೇಲೆ ಪ್ಯಾಡಿನ ತೆಳು ಪದರ ಸಮನಾಗಿ ಕೂರುತ್ತದೆ. ಬಿಸಿಯಾದ ಹೊತ್ತಿನಲ್ಲಿ ಪೆಡಲ್ ಒತ್ತಿಕೊಂಡು ನಿಂತುಬಿಡಬಾರದು, ಒತ್ತಿದ ಜಾಗದಲ್ಲೇ ಆ ಪದರ ಗುಡ್ಡೆಯಾಗಿ ಅಂಟಿಕೊಂಡು ಮುಂದೆ ಬ್ರೇಕು ಹಿಡಿದಾಗಲೆಲ್ಲ ಸ್ಟೀರಿಂಗು ನಡುಗುತ್ತದೆ. ಮೊದಲ ನೂರಿನ್ನೂರು ಕಿಲೋಮೀಟರ್ ಮುಂದಿನ ಗಾಡಿಯಿಂದ ದೂರ ಉಳಿಯುವುದು, ಆ ವಾರ ಘಟ್ಟದ ಕಡೆ ಹೋಗದಿರುವುದು ಒಳ್ಳೆಯದು. ವೀಲ್ ನಟ್ಟುಗಳನ್ನು ಮಾರನೆಯ ದಿನ ಇನ್ನೊಮ್ಮೆ ಪಾನಾದಲ್ಲಿ ಪರೀಕ್ಷಿಸಬೇಕು. ಮತ್ತೆ ಐದಾರು ಸಾವಿರ ಕಿಲೋಮೀಟರಿನ ಹೊತ್ತಿಗೆ ಒಮ್ಮೆ ಚಕ್ರ ಬಿಚ್ಚಿ ನಾಲ್ಕೂ ಪ್ಯಾಡಿನ ದಪ್ಪ ಅಳೆದು, ಕಾರಿನ ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಓಡೋಮೀಟರಿನ ಅಂಕಿಯ ಪಕ್ಕ ಬರೆದಿಡಬೇಕು. ನಾಲ್ಕೂ ಹೆಚ್ಚುಕಡಿಮೆ ಒಂದೇ ಇದ್ದರೆ ಪಿನ್ನುಗಳು ಜಾರುತ್ತಿವೆ. ಮುಂದಿನ ಸೆಟ್ಟು ಯಾವಾಗ ಬೇಕಾದೀತೆಂದು ಆ ಎರಡು ಅಂಕಿಗಳಿಂದಲೇ ಭಾಗಾಕಾರ ಮಾಡಿ ಹೇಳಬಹುದು. ಒಳಗಿನ ಪ್ಯಾಡು ಹೊರಗಿನದಕ್ಕಿಂತ ಗಮನಾರ್ಹವಾಗಿ ತೆಳುವಾಗಿದ್ದರೆ, ಗ್ರೀಸು ಹಾಕಿದ ಮೇಲೂ ಹಾಗೇ ಆಗಿದ್ದರೆ, ಪಿಸ್ಟನ್ನೇ ಕಚ್ಚಿಕೊಂಡಿದೆ ಎಂದರ್ಥ. ಅದು ಕ್ಯಾಲಿಪರ್ ಬಿಚ್ಚಿ ಸೀಲು ಬದಲಿಸುವ ಕೆಲಸ. ಆ ಪುಟವನ್ನು ತೋರಿಸಿ ಇಂಥ ಬದಿಯದ್ದೇ ಎಂದು ಗ್ಯಾರೇಜಿನಲ್ಲಿ ಹೇಳಿದರೆ ಒಂದು ಕ್ಯಾಲಿಪರಿನ ಬಿಲ್ಲಿನಲ್ಲಿ ಮುಗಿಯುತ್ತದೆ.